ಮಂಗಳೂರಿನಿಂದ ಹಾರುವಾಗ: ದೂರದ ಲೆಕ್ಕ, ಹಾರಾಟದ ಹೊತ್ತು, ಮನೆಯಿಂದ ಮನೆಗೆ ಬೇಕಾದ ನಿಜವಾದ ಸಮಯ

ಮಂಗಳೂರು–ಬೆಂಗಳೂರು ದೂರ ಎಷ್ಟು ಎಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 296 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 306, ಮತ್ತೊಂದು ಕಡೆ 350. ಮೂರೂ ಸರಿಯೇ. ಹಂಪನಕಟ್ಟೆಯಿಂದ ಮೆಜೆಸ್ಟಿಕ್‌ಗೆ ನೇರ ಗೆರೆ ಎಳೆದರೆ ಸುಮಾರು 296. ಕೆಂಜಾರಿನ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಎಳೆದರೆ 306, ಏಕೆಂದರೆ ದೇವನಹಳ್ಳಿ ಊರು ದಾಟಿ ಈಶಾನ್ಯಕ್ಕಿದೆ. ಬಿ.ಸಿ. ರೋಡ್, ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ, ಕುಣಿಗಲ್ ಮೇಲೆ ರಸ್ತೆಯಲ್ಲಿ ಹೋದರೆ 350ರ ಆಸುಪಾಸು. ಯಾವ ಎರಡು ಬಿಂದುಗಳ ನಡುವಿನ ದೂರ ಎಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ಪ್ರಯಾಣದ ಯೋಜನೆಗೆ ಅದರಿಂದ ಉಪಯೋಗವಿಲ್ಲ.

ದೂರವನ್ನು ನೀವೇ ಲೆಕ್ಕ ಹಾಕುವುದು, ಅದರಿಂದ ಹಾರಾಟದ ಸಮಯ ಅಂದಾಜಿಸುವುದು, ಆಮೇಲೆ ಮನೆಯ ಗೇಟಿನಿಂದ ತಲುಪಬೇಕಾದ ಬಾಗಿಲಿನವರೆಗಿನ ಸಮಯ ಕೂಡಿಸುವುದು, ಈ ಕ್ರಮದಲ್ಲಿ ಹೋಗೋಣ. ಮೂರರಲ್ಲಿ ಕೊನೆಯದೇ ಮುಖ್ಯ. ನಮ್ಮ ಕರಾವಳಿಯಿಂದ ಹೊರಡುವ ಚಿಕ್ಕ ಹಾರಾಟಗಳಲ್ಲಿ ಆಕಾಶದಲ್ಲಿ ಕಳೆಯುವ ಹೊತ್ತು ಬಹಳ ಕಡಿಮೆ. ಉಡುಪಿ, ಕುಂದಾಪುರದವರಿಗಂತೂ ನೆಲದ ಮೇಲಿನ ಸಮಯವೇ ಪ್ರಯಾಣದ ಹೆಚ್ಚು ಪಾಲನ್ನು ತಿನ್ನುತ್ತದೆ.

ಮೊದಲು ಎರಡು ಬಿಂದುಗಳನ್ನು ಸರಿಯಾಗಿ ಹಿಡಿಯಿರಿ

ವಿಮಾನದ ದೂರಕ್ಕೆ ಊರಿನ ಮಧ್ಯಭಾಗದ ಬದಲು ವಿಮಾನ ನಿಲ್ದಾಣದ ಅಕ್ಷಾಂಶ, ರೇಖಾಂಶ ಬೇಕು. ಮೊಬೈಲಿನ ನಕಾಶೆಯಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ, ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ನಮಗೆ ಹೆಚ್ಚು ಬೇಕಾಗುವ ನಾಲ್ಕು ನಿಲ್ದಾಣಗಳವು ಹೀಗಿವೆ:

ಮಂಗಳೂರು: 12.96 ಉತ್ತರ, 74.89 ಪೂರ್ವ
ಬೆಂಗಳೂರು (ದೇವನಹಳ್ಳಿ): 13.20 ಉತ್ತರ, 77.71 ಪೂರ್ವ
ಮುಂಬೈ (ಛತ್ರಪತಿ ಶಿವಾಜಿ ಮಹಾರಾಜ್): 19.09 ಉತ್ತರ, 72.87 ಪೂರ್ವ
ದುಬೈ: 25.25 ಉತ್ತರ, 55.36 ಪೂರ್ವ

ಇಲ್ಲೇ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಳೆಯ ನಕಾಶೆಗಳಲ್ಲಿ, ಕೆಲವು ಜಾಲತಾಣಗಳಲ್ಲಿ ಮಂಗಳೂರು ನಿಲ್ದಾಣವನ್ನು 12°57′41″ ಎಂದು ಬರೆದಿರುತ್ತಾರೆ. ಅದನ್ನು 12.57 ಎಂದು ಓದಬಾರದು. 57 ಎನ್ನುವುದು ಡಿಗ್ರಿಯ ಅರವತ್ತನೇ ಭಾಗಗಳ ಎಣಿಕೆ: 57ನ್ನು 60ರಿಂದ ಭಾಗಿಸಿದರೆ 0.95, 41ನ್ನು 3600ರಿಂದ ಭಾಗಿಸಿದರೆ 0.011, ಒಟ್ಟು 12.961. ನೇರವಾಗಿ 12.57 ಎಂದು ಹಾಕಿದರೆ ನಿಲ್ದಾಣ 40 ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕೆ, ಕಾಸರಗೋಡಿನ ಮಟ್ಟಕ್ಕೆ ಜಾರುತ್ತದೆ.

ಟಿಕೆಟ್ ತೆಗೆಯುವಾಗ ನಿಲ್ದಾಣದ ಕೋಡ್ ನೋಡುವ ಅಭ್ಯಾಸವೂ ಇರಲಿ. ಮಂಗಳೂರಿನದು ಐಎಕ್ಸ್‌ಇ. ಮುಂಬೈ ಎಂದು ಹುಡುಕಿದಾಗ ಈಗ ನವಿ ಮುಂಬೈ ನಿಲ್ದಾಣವೂ ಬರಬಹುದು. ಗೋವಾದಲ್ಲಿ ದಾಬೋಲಿಂ ಬೇರೆ, ಮೋಪಾ ಬೇರೆ. ದುಬೈಗೆಂದು ಹುಡುಕಿದವರಿಗೆ ಶಾರ್ಜಾ ಕಡಿಮೆ ದರಕ್ಕೆ ಸಿಗಬಹುದು. ಆಕಾಶದಲ್ಲಿ ಇವುಗಳ ನಡುವೆ ಹತ್ತು ನಿಮಿಷದ ವ್ಯತ್ಯಾಸವೂ ಇಲ್ಲ. ಇಳಿದ ಮೇಲೆ ರಸ್ತೆಯಲ್ಲಿ ಒಂದೂವರೆ ಗಂಟೆ ಬೀಳಬಹುದು.

ಕ್ಯಾಲ್ಕುಲೇಟರಿನಲ್ಲಿ ದೂರ ತೆಗೆಯುವ ಸುಲಭ ದಾರಿ

ಅಕ್ಷಾಂಶದ ಒಂದು ಡಿಗ್ರಿ ಎಲ್ಲ ಕಡೆಯೂ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಭೂಮಧ್ಯರೇಖೆಯಲ್ಲಿ ಅಷ್ಟೇ ಇದ್ದು, ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ. ಎಷ್ಟು ಕಿರಿದಾಗುತ್ತದೆ ಎನ್ನುವುದನ್ನು ಆ ಅಕ್ಷಾಂಶದ ಕೊಸೈನ್ ಹೇಳುತ್ತದೆ.

ಮಂಗಳೂರು–ಮುಂಬೈ ಮಾಡಿ ನೋಡೋಣ. ಅಕ್ಷಾಂಶದ ವ್ಯತ್ಯಾಸ 19.09 − 12.96 = 6.13. ಇದನ್ನು 111ರಿಂದ ಗುಣಿಸಿದರೆ 680 ಕಿ.ಮೀ. ಉತ್ತರ–ದಕ್ಷಿಣ ದೂರ. ರೇಖಾಂಶದ ವ್ಯತ್ಯಾಸ 74.89 − 72.87 = 2.02. ಎರಡು ಊರುಗಳ ಸರಾಸರಿ ಅಕ್ಷಾಂಶ ಸುಮಾರು 16 ಡಿಗ್ರಿ, ಅದರ ಕೊಸೈನ್ 0.961. ಹಾಗಾಗಿ 2.02 × 111 × 0.961 = 215 ಕಿ.ಮೀ. ಪೂರ್ವ–ಪಶ್ಚಿಮ ದೂರ. ಇನ್ನು ಶಾಲೆಯಲ್ಲಿ ಕಲಿತ ಪೈಥಾಗರಸ್: 680ರ ವರ್ಗ, 215ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 713. ಕರಾರುವಾಕ್ಕಾದ ವಿಧಾನದಲ್ಲಿ ಬರುವುದು 711. ಎರಡು ಕಿಲೋಮೀಟರಿನ ವ್ಯತ್ಯಾಸ ನಮ್ಮ ಕೆಲಸಕ್ಕೆ ಏನೂ ಅಲ್ಲ.

ಬೆಂಗಳೂರಿಗೆ ಇದೇ ಲೆಕ್ಕ ಮಾಡಿದರೆ 306 ಬರುತ್ತದೆ. ಚೆನ್ನೈಗೆ ಸುಮಾರು 574, ಹೈದರಾಬಾದಿಗೆ 606, ದಿಲ್ಲಿಗೆ 1,740ರ ಹತ್ತಿರ. ದುಬೈಗೆ ಮಾಡಿದರೂ ಸುಮಾರು 2,460 ಬಂದು ಸರಿಯಾಗಿ ಕೂರುತ್ತದೆ. ಅದಕ್ಕಿಂತ ದೂರ ಹೋದಂತೆ ಈ ವಿಧಾನ ಕೈಕೊಡುತ್ತದೆ, ಯಾಕೆಂದರೆ ಭೂಮಿಯನ್ನು ಚಪ್ಪಟೆ ಹಾಳೆ ಎಂದುಕೊಂಡು ಹಾಕಿದ ಲೆಕ್ಕ ಇದು. ಮಂಗಳೂರಿನಿಂದ ಲಂಡನ್ನಿಗೆ ಹೀಗೆ ತೆಗೆದರೆ ನಿಜವಾದ 7,870 ಕಿ.ಮೀ.ಗಿಂತ ಸುಮಾರು 400 ಕಿ.ಮೀ. ಹೆಚ್ಚು ತೋರಿಸುತ್ತದೆ, ಅಂದರೆ ಅರ್ಧ ಗಂಟೆಯ ಹಾರಾಟದಷ್ಟು ತಪ್ಪು.

ದೂರದ ಊರುಗಳಿಗೆ ಗೋಳದ ಲೆಕ್ಕವೇ ಬೇಕು. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದು ಕಡೆ ಇಡಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಈ ಎರಡು ಉತ್ತರಗಳನ್ನು ಕೂಡಿಸಿ. ಬಂದ ಮೊತ್ತದ ವಿಲೋಮ ಕೊಸೈನ್ ತೆಗೆದರೆ ಡಿಗ್ರಿಯಲ್ಲಿ ಒಂದು ಕೋನ ಸಿಗುತ್ತದೆ, ಅದನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್. ದುಬೈಗೆ: ಸೈನ್‌ಗಳ ಗುಣಲಬ್ಧ 0.0957, ಕೊಸೈನ್‌ಗಳದ್ದು 0.8307, ಮೊತ್ತ 0.9264. ಕೋನ 22.12 ಡಿಗ್ರಿ. ದೂರ 2,460 ಕಿ.ಮೀ.

ಉತ್ತರ ತೀರಾ ವಿಚಿತ್ರವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್ನಿನಲ್ಲಿದೆಯೇ ನೋಡಿ. ಮೊಬೈಲಿನ ಕ್ಯಾಲ್ಕುಲೇಟರುಗಳಲ್ಲಿ ಅದನ್ನು ಬದಲಾಯಿಸುವ ಗುಂಡಿ ಇರುತ್ತದೆ; ಸ್ಪ್ರೆಡ್‌ಶೀಟಿನಲ್ಲಿ ಡಿಗ್ರಿಯನ್ನು ನೀವೇ ರೇಡಿಯನ್ನಿಗೆ ಪರಿವರ್ತಿಸಬೇಕು. ಇನ್ನೊಂದು: ಲಂಡನ್ನಿನ ಹೀಥ್ರೂ, ನ್ಯೂಯಾರ್ಕ್ ಇವೆಲ್ಲ ಪಶ್ಚಿಮ ರೇಖಾಂಶದವು, ಅವುಗಳ ಮುಂದೆ ಋಣ ಚಿಹ್ನೆ ಹಾಕಬೇಕು.

ಜಾಲತಾಣಗಳಲ್ಲಿ ಮೈಲಿ, ನಾಟಿಕಲ್ ಮೈಲಿ, ಕಿಲೋಮೀಟರ್ ಬೆರೆತಿರುತ್ತವೆ. ಮಂಗಳೂರು–ಬೆಂಗಳೂರಿನ 306 ಕಿ.ಮೀ. ಎಂದರೆ 190 ಮೈಲಿ, 165 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಪೈಲಟ್‌ಗಳು ಹೇಳುವ ದೂರ, ವೇಗ ಎರಡೂ ಈ ಅಳತೆಯಲ್ಲೇ ಇರುತ್ತವೆ.

ದೂರದಿಂದ ಸಮಯಕ್ಕೆ

ಎ320, ಬೋಯಿಂಗ್ 737ರಂಥ ಜೆಟ್‌ಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 830–850 ಕಿ.ಮೀ. ವೇಗದಲ್ಲಿ ಹೋಗುತ್ತವೆ. 306ನ್ನು 840ರಿಂದ ಭಾಗಿಸಿದರೆ 22 ನಿಮಿಷ. ಆದರೆ ಬೆಂಗಳೂರಿನ ಟಿಕೆಟ್‌ನಲ್ಲಿ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಎಂದು ಬರೆದಿರುತ್ತಾರೆ. ಉಳಿದ ಹೊತ್ತು ಹೋಗುವುದೆಲ್ಲಿ?

ಮೊದಲನೆಯದಾಗಿ, ಟಿಕೆಟ್‌ನಲ್ಲಿ ಇರುವುದು ಬ್ಲಾಕ್ ಟೈಮ್. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಸಮಯ ಅದು. ರನ್‌ವೇವರೆಗೆ ನೆಲದ ಮೇಲೆ ಉರುಳುವುದು, ರನ್‌ವೇ ಖಾಲಿಯಾಗಲು ಕಾಯುವುದು, ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ಇಳಿದ ಮೇಲೆ ಟರ್ಮಿನಲ್‌ವರೆಗೆ ಉರುಳುವುದು, ಎಲ್ಲ ಅದರೊಳಗೇ ಬಂತು. ಅದರ ಮೇಲೆ ಕಂಪನಿಗಳು ತಡವಾದರೂ ಸಮಯಕ್ಕೆ ತಲುಪಿದಂತೆ ಆಗಲಿ ಎಂದು ಸ್ವಲ್ಪ ಹೆಚ್ಚುವರಿ ನಿಮಿಷ ಸೇರಿಸುತ್ತವೆ. 'ಇವತ್ತು ಹದಿನೈದು ನಿಮಿಷ ಮುಂಚೆಯೇ ಬಂತು' ಎಂದು ಜನ ಹೇಳುವುದು ಬಹುತೇಕ ಇದೇ ಕಾರಣಕ್ಕೆ.

ಎರಡನೆಯದು ಏರುವುದು, ಇಳಿಯುವುದು. 10,000 ಅಡಿಗಿಂತ ಕೆಳಗೆ ವಿಮಾನಗಳ ವೇಗಕ್ಕೆ 250 ನಾಟ್‌ಗಳ ಮಿತಿ ಇದೆ, ಅಂದರೆ ಗಂಟೆಗೆ 463 ಕಿ.ಮೀ. ಪೂರ್ತಿ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷದ ಆಸುಪಾಸು ಬೇಕು. ಇಳಿಯುವಾಗ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 36,000 ಅಡಿಯಿಂದ ಇಳಿಯಬೇಕಾದರೆ ಊರು ಇನ್ನೂ 200 ಕಿ.ಮೀ. ದೂರ ಇರುವಾಗಲೇ ಶುರು ಮಾಡಬೇಕು. ಇಡೀ ದಾರಿಯೇ 306 ಕಿ.ಮೀ. ಇರುವ ಬೆಂಗಳೂರಿಗೆ ಅಷ್ಟು ಎತ್ತರಕ್ಕೆ ಹೋಗಿ ಪ್ರಯೋಜನವಿಲ್ಲ. ಹಾಗಾಗಿ ಘಟ್ಟ ದಾಟಿ ಸ್ವಲ್ಪ ಹೊತ್ತಿಗೆಲ್ಲ ವಿಮಾನ ಇಳಿಯುವ ಸಿದ್ಧತೆಯಲ್ಲಿರುತ್ತದೆ, ನೀರಿನ ಲೋಟ ಕೈಗೆ ಬರುವಷ್ಟರಲ್ಲಿ ಬೆಲ್ಟ್ ಹಾಕಿ ಎನ್ನುತ್ತಾರೆ.

ಇದನ್ನೆಲ್ಲ ಸೇರಿಸಿ ಒಂದು ಅಂದಾಜು ಸೂತ್ರ ಇಟ್ಟುಕೊಳ್ಳಬಹುದು. ಜೆಟ್ ಆದರೆ ದೂರವನ್ನು 800ರಿಂದ ಭಾಗಿಸಿ, ಬಂದ ಸಮಯಕ್ಕೆ 30 ನಿಮಿಷ ಕೂಡಿಸಿ. ರೆಕ್ಕೆಯಲ್ಲಿ ಪಂಖವಿರುವ ಎಟಿಆರ್ 72 ಆದರೆ 480ರಿಂದ ಭಾಗಿಸಿ 25 ನಿಮಿಷ ಕೂಡಿಸಿ. ಬೆಂಗಳೂರಿಗೆ ಜೆಟ್‌ನಲ್ಲಿ 53 ನಿಮಿಷ, ಎಟಿಆರ್‌ನಲ್ಲಿ 63. ಚಿಕ್ಕ ದೂರಕ್ಕೆ ಎಟಿಆರ್ ಎಂದು ಮುಖ ಸಿಂಡರಿಸುವ ಅಗತ್ಯವಿಲ್ಲ, ಹತ್ತೇ ನಿಮಿಷದ ವ್ಯತ್ಯಾಸ. ಮುಂಬೈಗೆ ಜೆಟ್‌ನಲ್ಲಿ ಒಂದು ಗಂಟೆ 23 ನಿಮಿಷ, ದುಬೈಗೆ ಮೂರು ಗಂಟೆ 35 ನಿಮಿಷ. ಟಿಕೆಟ್‌ನ ಸಮಯ ಇದಕ್ಕಿಂತ ಹತ್ತಿಪ್ಪತ್ತು ನಿಮಿಷ ಹೆಚ್ಚಿದ್ದರೆ ಸಹಜ. ಮುಂಬೈಗೆ ಮೂರೂವರೆ ಗಂಟೆ ಎಂದು ಕಂಡರೆ ಅದು ನೇರ ವಿಮಾನವಲ್ಲ, ನಡುವೆ ಎಲ್ಲೋ ಇಳಿಯುತ್ತದೆ.

ಮುಂಬೈಯಲ್ಲಿ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಒಂದು ಹೊತ್ತಿಗೆ ಒಂದನ್ನೇ ಬಳಸುತ್ತಾರೆ. ಸಂಜೆ ದಟ್ಟಣೆಯಲ್ಲಿ ಇಳಿಯುವ ಮುನ್ನ ಆಕಾಶದಲ್ಲಿ ಹದಿನೈದಿಪ್ಪತ್ತು ನಿಮಿಷ ಸುತ್ತುವುದು ಅಪರೂಪವಲ್ಲ. ಕೆಲವೊಮ್ಮೆ ಮುಂಬೈಯ ದಟ್ಟಣೆಗಾಗಿ ಮಂಗಳೂರಿನಲ್ಲೇ ಬಾಗಿಲು ಹಾಕಿ ಕೂರಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಮತ್ತು ಮಳೆ ಮುಗಿದ ಮೇಲೆ ಅಲ್ಲಿ ರನ್‌ವೇ ದುರಸ್ತಿಗೆಂದು ಹಗಲಿನಲ್ಲಿ ಕೆಲವು ಗಂಟೆ ಮುಚ್ಚುವುದೂ ಉಂಟು. ಮೇ ಮತ್ತು ಅಕ್ಟೋಬರಿನಲ್ಲಿ ಮಧ್ಯಾಹ್ನದ ಟಿಕೆಟ್ ತೆಗೆಯುವವರು ಸಮಯ ಬದಲಾವಣೆಯ ಸಂದೇಶ ಬಂದಿದೆಯೇ ನೋಡುತ್ತಿರಬೇಕು.

ಗಾಳಿಯ ಲೆಕ್ಕ ಬೆಂಗಳೂರಿಗೆ, ಮುಂಬೈಗೆ ಬೇಡ. ಗಲ್ಫ್‌ಗೆ ಬೇಕು. ಚಳಿಗಾಲದಲ್ಲಿ ಕೊಲ್ಲಿಯ ಕಡೆಯ ಆಕಾಶದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಆಗ ದುಬೈಯಿಂದ ಊರಿಗೆ ಬರುವುದು ಬೇಗ, ಇಲ್ಲಿಂದ ಹೋಗುವುದು ನಿಧಾನ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ. ಮಂಗಳೂರು–ದುಬೈ ದಾರಿ ಹೆಚ್ಚಿನಂಶ ಅರಬ್ಬಿ ಸಮುದ್ರದ ಮೇಲೆ, ಆಮೇಲೆ ಒಮಾನ್ ಕಡೆಯಿಂದ ಹಾಯುತ್ತದೆ. ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳು ಪಾಕಿಸ್ತಾನದ ಆಕಾಶ ಮುಚ್ಚಿದಾಗ ಬಳಸಿ ಹೋಗಬೇಕಾದ ತೊಂದರೆ ಇಲ್ಲಿಂದ ಹೊರಡುವವರಿಗಿಲ್ಲ.

ನಿಮ್ಮ ವಿಮಾನದ ನಿಜವಾದ ನಡತೆ ತಿಳಿಯಲು ಫ್ಲೈಟ್‌ರಾಡಾರ್24ರಂಥ ಆಪ್‌ನಲ್ಲಿ ವಿಮಾನ ಸಂಖ್ಯೆ ಹಾಕಿ ಕಳೆದ ಕೆಲವು ದಿನಗಳಲ್ಲಿ ಅದು ಎಷ್ಟು ಗಂಟೆಗೆ ಏರಿತು, ಎಷ್ಟು ಗಂಟೆಗೆ ಇಳಿಯಿತು ನೋಡಿ. ಅತಿ ಬೇಗ ಬಂದ ದಿನವನ್ನು ನಂಬಬೇಡಿ, ನಡುವಿನ ಒಂದನ್ನು ಹಿಡಿಯಿರಿ.

ಗಡಿಯಾರದ ಬಲೆ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ದುಬೈ, ಅಬುಧಾಬಿ, ಶಾರ್ಜಾ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಬಹರೈನ್, ಕುವೈತ್, ದಮ್ಮಾಮ್, ರಿಯಾದ್, ಜಿದ್ದಾ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಹೊರಟು ಅಲ್ಲಿಯ 10.15ಕ್ಕೆ ದುಬೈ ಮುಟ್ಟುತ್ತದೆ ಎಂದಿದ್ದರೆ ಹಾರಾಟ ಎರಡೂಕಾಲು ಗಂಟೆಯದಲ್ಲ, ಮೂರೂಮುಕ್ಕಾಲು ಗಂಟೆಯದು. ಬರುವಾಗ ಒಂದೂವರೆ ಗಂಟೆ ಕಳೆಯಬೇಕು. ಗಲ್ಫ್ ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಲಂಡನ್ನಿನಲ್ಲಿ ಉಂಟು: ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ನಾಲ್ಕೂವರೆ.

ಮಧ್ಯರಾತ್ರಿ ದಾಟಿದ ವಿಮಾನ ಇನ್ನೂ ಅಪಾಯ. 15ನೇ ತಾರೀಕು, 00.20 ಎಂದು ಟಿಕೆಟ್ ಇದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರ ರಾತ್ರಿ ಊಟ ಮಾಡಿ ಸೂಟ್‌ಕೇಸ್ ಹಿಡಿದು ಹೋದರೆ ವಿಮಾನ ಹೋಗಿ ಇಡೀ ದಿನ ಆಗಿರುತ್ತದೆ. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಎಂದರೆ 14ರ ರಾತ್ರಿ 9.20. ಉಡುಪಿಯಿಂದಾದರೆ 14ರ ಸಂಜೆ ಏಳೂವರೆಗೆ ಮನೆ ಬಿಡಬೇಕು. ಕ್ಯಾಲೆಂಡರಿನಲ್ಲಿ ವಿಮಾನದ ದಿನದ ಬದಲು ಮನೆ ಬಿಡುವ ದಿನವನ್ನೇ ಗುರುತು ಹಾಕಿಕೊಳ್ಳಿ.

ನೆಲದ ಮೇಲಿನ ದಾರಿ: ಉಡುಪಿಯಿಂದ ಕೆಂಜಾರಿಗೆ

1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಈ ನಿಲ್ದಾಣ ಆರಂಭವಾಯಿತು. ಆಗಿನಿಂದ ಇದು ಜನರ ಬಾಯಲ್ಲಿ 'ಬಜ್ಪೆ ಏರ್‌ಪೋರ್ಟ್'. ಆದರೆ 2010ರಿಂದ ಟರ್ಮಿನಲ್ ಇರುವುದು ಕೆಂಜಾರು ಬದಿಯಲ್ಲಿ. ಬಜ್ಪೆ ಪೇಟೆಯವರೆಗೆ ಬಂದು ಹಳೆಯ ಟರ್ಮಿನಲ್ ಕಡೆ ತಿರುಗಬೇಡಿ. ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯುವಾಗಲೂ ಟರ್ಮಿನಲ್ ಮೇಲೆಯೇ ಗುರುತು ಇಡಿ.

ಉಡುಪಿಯಿಂದ ಎರಡು ದಾರಿ, ಎರಡೂ ಸುಮಾರು 55–60 ಕಿ.ಮೀ. ಒಂದು, ಹೆದ್ದಾರಿ 66ರಲ್ಲಿ ಕಟಪಾಡಿ, ಕಾಪು, ಪಡುಬಿದ್ರಿ, ಹೆಜಮಾಡಿ ಟೋಲ್ ದಾಟಿ ಮೂಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆ ಮೇಲೆ. ಇನ್ನೊಂದು, ಹೆದ್ದಾರಿಯಲ್ಲೇ ಸುರತ್ಕಲ್, ಪಣಂಬೂರು ದಾಟಿ ಕೂಳೂರಿನಿಂದ ಕಾವೂರು, ಮರವೂರು ಸೇತುವೆ ಮೇಲೆ. ಹಗಲು ಹೊತ್ತಿಗೆ ಮೂಲ್ಕಿ–ಕಟೀಲು ದಾರಿಯೇ ಮೇಲು. ಬೈಕಂಪಾಡಿಯಿಂದ ಕೂಳೂರು ಸೇತುವೆಯವರೆಗೆ ಬಂದರಿನ ಲಾರಿಗಳು, ಕಾರ್ಖಾನೆಯ ಪಾಳಿ ಬಿಡುವ ಹೊತ್ತು, ಹೊಂಡ, ಎಲ್ಲ ಸೇರಿ ಎಷ್ಟು ಹೊತ್ತು ನಿಲ್ಲಿಸುತ್ತದೆ ಎಂದು ಹೇಳಲಾಗದು. ಕಟೀಲು ದಾರಿ ಕಿರಿದು, ತಿರುವು ಹೆಚ್ಚು, ಆದರೆ ಎಷ್ಟು ಹೊತ್ತು ಬೇಕೆಂದು ಮೊದಲೇ ಅಂದಾಜು ಸಿಗುತ್ತದೆ. ದೇವಸ್ಥಾನದಲ್ಲಿ ಜಾತ್ರೆ, ವಿಶೇಷ ಪೂಜೆಯ ದಿನವಾದರೆ ಮಾತ್ರ ಹೆದ್ದಾರಿಯೇ ವಾಸಿ. ರಾತ್ರಿ ಹತ್ತರ ಮೇಲೆ ಎರಡೂ ಒಂದೇ.

ಸಾಮಾನ್ಯ ದಿನ ಒಂದೂಕಾಲು ಗಂಟೆ ಸಾಕು, ಲೆಕ್ಕಕ್ಕೆ ಒಂದೂವರೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೂಮುಕ್ಕಾಲು. ಕುಂದಾಪುರದಿಂದ ಬರುವವರು ಉಡುಪಿಯವರೆಗಿನ 38 ಕಿ.ಮೀ.ಗೆ ಇನ್ನೂ 45 ನಿಮಿಷ ಸೇರಿಸಬೇಕು. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ವರ್ಷದಲ್ಲಿ ಜನವರಿ 17ರ ಸಂಜೆಯಿಂದ 18ರವರೆಗೆ ಉಡುಪಿ ಪೇಟೆಯೊಳಗಿಂದ ಹೊರಡುವ ಯೋಚನೆಯೇ ಬೇಡ, ಮೊದಲೇ ಹೆದ್ದಾರಿಯ ಬದಿಗೆ ಬಂದಿರಿ.

ಮಂಗಳೂರು ಪೇಟೆಯವರಿಗೆ 13–15 ಕಿ.ಮೀ., 40 ನಿಮಿಷ. ನಂತೂರು, ಕೆಪಿಟಿ ಜಂಕ್ಷನ್ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ಮತ್ತು ಸಂಜೆ ಐದರಿಂದ ಏಳೂವರೆವರೆಗೆ ಕಟ್ಟಿಹಾಕುತ್ತವೆ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಜ್ಪೆ, ಕಟೀಲು ಕಡೆಗೆ ಹೋಗುವ ಬಸ್‌ಗಳು ಕೆಂಜಾರಿನಲ್ಲಿ ಇಳಿಸುತ್ತವೆ, ಅಲ್ಲಿಂದ ಟರ್ಮಿನಲ್‌ಗೆ ಗುಡ್ಡ ಹತ್ತಬೇಕು. ಕೈಚೀಲ ಮಾತ್ರ ಇದ್ದವರಿಗೆ ಸರಿ. ಮರವೂರು ಸೇತುವೆ 2021ರ ಜೂನ್‌ನಲ್ಲಿ ಕುಸಿದು ಸಂಚಾರ ನಿಂತಾಗ ಜನ ಗುರುಪುರ–ಕೈಕಂಬ ಸುತ್ತಿಯೋ ಜೋಕಟ್ಟೆ ಕಡೆಯಿಂದಲೋ ಬರಬೇಕಾಯಿತು. ಆ ಎರಡು ದಾರಿ ಗೊತ್ತಿದ್ದರೆ ಇವತ್ತಿಗೂ ಅನುಕೂಲ.

ನಿಲ್ದಾಣ ಮುಟ್ಟಿದ ಮೇಲೆ: ದೇಶದೊಳಗಿನ ಹಾರಾಟಕ್ಕೆ ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಗೇಟ್ 25 ನಿಮಿಷ ಮುಂಚೆ. ಬ್ಯಾಗ್ ಇದ್ದರೆ ಒಂದೂವರೆ ಗಂಟೆ ಮುಂಚೆ ಬನ್ನಿ. ನಮ್ಮ ಕಡೆಯ ಬ್ಯಾಗುಗಳು ಎಕ್ಸ್‌ರೇಯಲ್ಲಿ ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತು ಎಂದು ತಡೆಯುತ್ತಾರೆ. ಪವರ್‌ಬ್ಯಾಂಕ್ ಒಳಗೆ ಉಳಿದಿದ್ದರೆ ಬ್ಯಾಗ್ ತೆರೆಸುತ್ತಾರೆ, ಅದು ಕೈಚೀಲದಲ್ಲೇ ಇರಬೇಕು. ಒಮ್ಮೆ ಬ್ಯಾಗ್ ತೆರೆದು ಕಟ್ಟುವುದಕ್ಕೆ ಹದಿನೈದು ನಿಮಿಷ ಹೋಯಿತೆಂದೇ ಲೆಕ್ಕ.

ಎಲ್ಲ ಕೂಡಿಸಿ ನೋಡಿದರೆ

ಉಡುಪಿಯ ಕಲ್ಸಂಕದಿಂದ ಬೆಂಗಳೂರಿನ ಜಯನಗರಕ್ಕೆ: ರಸ್ತೆ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಒಂದೂವರೆ, ಬ್ಲಾಕ್ ಟೈಮ್ ಒಂದು ಗಂಟೆ ಹತ್ತು ನಿಮಿಷ, ಇಳಿದು ಬ್ಯಾಗ್ ತೆಗೆದುಕೊಳ್ಳಲು ಅರ್ಧ ಗಂಟೆ, ದೇವನಹಳ್ಳಿಯಿಂದ ಜಯನಗರಕ್ಕೆ ಒಂದೂವರೆ. ಒಟ್ಟು ಆರು ಗಂಟೆ ಹತ್ತು ನಿಮಿಷ. ಇದರಲ್ಲಿ ಚಕ್ರ ನೆಲ ಬಿಟ್ಟಿರುವುದು ಏಳನೇ ಒಂದು ಪಾಲಿನಷ್ಟು. ಅದೇ ಮಂಗಳೂರಿನ ಕದ್ರಿಯಿಂದ ಹೊರಟರೆ ಐದು ಗಂಟೆ ಇಪ್ಪತ್ತು ನಿಮಿಷ.

ಈಗ ಮುಂಬೈ. ಉಡುಪಿಯಿಂದ ದಾದರಿಗೆ: ಒಂದೂವರೆ, ಒಂದೂವರೆ, ಒಂದು ಗಂಟೆ ನಲವತ್ತು ನಿಮಿಷ, ಅರ್ಧ, ಒಂದೂಕಾಲು. ಒಟ್ಟು ಆರು ಗಂಟೆ 25 ನಿಮಿಷ. ಮುಂಬೈ ಬೆಂಗಳೂರಿಗಿಂತ ಎರಡು ಪಟ್ಟಿಗೂ ಹೆಚ್ಚು ದೂರ, ಆದರೂ ಒಟ್ಟು ಸಮಯದಲ್ಲಿ ಕಾಲು ಗಂಟೆಯಷ್ಟೇ ವ್ಯತ್ಯಾಸ. ದುಬೈಗೆ ಮೂರು ಗಂಟೆ ಮುಂಚೆ ಬರಬೇಕಾದ್ದರಿಂದ ಮನೆಯಿಂದ ಮನೆಗೆ ಹತ್ತು ಗಂಟೆ.

ಇದರಿಂದ ತೀರ್ಮಾನ ಸುಲಭವಾಗುತ್ತದೆ. ಉಡುಪಿಯ ರೈಲು ನಿಲ್ದಾಣವಿರುವ ಇಂದ್ರಾಳಿಯಿಂದ ಮುಂಬೈಗೆ ರೈಲು 14–16 ಗಂಟೆ ತೆಗೆದುಕೊಳ್ಳುತ್ತದೆ. ಹಗಲು ಉಳಿಸಬೇಕಾದವರಿಗೆ ಅಲ್ಲಿ ವಿಮಾನದ ಹಣ ಸಾರ್ಥಕ. ಬೆಂಗಳೂರಿಗೆ ಉಡುಪಿಯಿಂದ ರಾತ್ರಿ ಬಸ್ ಒಂಬತ್ತು–ಹತ್ತು ಗಂಟೆ, ಆದರೆ ಅದು ನಿದ್ದೆಯ ಹೊತ್ತು. ಬೆಳಿಗ್ಗೆ ಕೆಲಸ ಇರುವವರಿಗೆ, ಮಲಗಿದರೆ ನಿದ್ದೆ ಬರುವವರಿಗೆ ಸ್ಲೀಪರ್ ಬಸ್ಸೇ ಲೇಸು. ವಯಸ್ಸಾದವರು, ಬೆನ್ನುನೋವಿನವರು, ಆಸ್ಪತ್ರೆಗೆ ಹೋಗುವವರು, ಒಂದೇ ದಿನದಲ್ಲಿ ಹೋಗಿ ಬರಬೇಕಾದವರು ವಿಮಾನ ಹಿಡಿಯಲಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಸುತ್ತಬೇಕಾದ ದಿನಗಳಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಮಳೆಗಾಲದಲ್ಲಿ

ಕೆಂಜಾರಿನ ನಿಲ್ದಾಣ ಗುಡ್ಡದ ನೆತ್ತಿಯಲ್ಲಿದೆ, ಸಮುದ್ರಮಟ್ಟದಿಂದ 103 ಮೀಟರ್ ಎತ್ತರ. ದೊಡ್ಡ ವಿಮಾನಗಳು ಬಳಸುವ ರನ್‌ವೇ 2,450 ಮೀಟರ್ ಉದ್ದ, ಅದರಾಚೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಬಿದ್ದು 158 ಜನ ತೀರಿಕೊಂಡದ್ದು ಕರಾವಳಿಯ ಯಾರೂ ಮರೆತಿಲ್ಲ. ಮೋಡ ಕೆಳಗಿಳಿದು ರನ್‌ವೇ ಕಾಣದಾಗ ಪೈಲಟ್ ಇಳಿಸದೆ ಮೇಲೆತ್ತಿದರೆ ಅದು ಸರಿಯಾದ ನಿರ್ಧಾರ. ಅಂಥ ಹೊತ್ತಿನಲ್ಲಿ ವಿಮಾನ ಸ್ವಲ್ಪ ಸುತ್ತಿ, ಮೋಡ ಸರಿಯದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತದೆ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನದ ಕೊನೆಯ ವಿಮಾನ ತೆಗೆಯಬೇಡಿ. ಅದು ತಪ್ಪಿದರೆ ಮರುದಿನವೇ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಬೇರೆ ವಿಮಾನ ಹಿಡಿಯಬೇಕಿದ್ದರೆ ಎರಡೂ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲ ವಿಮಾನ ತಡವಾದುದಕ್ಕೆ ಎರಡನೇ ಕಂಪನಿಗೆ ಹೊಣೆ ಇಲ್ಲ, ನಡುವೆ ಐದಾರು ಗಂಟೆ ಬಿಡಿ. ಮುಂಬೈಯಲ್ಲಿ ಒಂದನೇ ಟರ್ಮಿನಲ್‌ನಿಂದ ಎರಡನೆಯದಕ್ಕೆ ಹೊರಗೆ ಬಂದು ಹೋಗಬೇಕು, ಬ್ಯಾಗ್ ತೆಗೆದು ಮತ್ತೆ ಕೊಡಬೇಕು, ಇದನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನಿಂದ ಮುಂಜಾನೆ ಹೊರಡುವವರಿಗೆ ಡಿಸೆಂಬರ್, ಜನವರಿಯ ಮಂಜು ಇದೇ ರೀತಿ ತೊಂದರೆ ಕೊಡುತ್ತದೆ.

ಹೊರಡುವ ದಿನ ಬರುವ ವಿಮಾನವನ್ನು ಗಮನಿಸಿ. ಮಂಗಳೂರಿನಿಂದ ನಿಮ್ಮನ್ನು ಒಯ್ಯುವ ವಿಮಾನ ಹೆಚ್ಚಾಗಿ ಆಗಷ್ಟೇ ಬೇರೆ ಊರಿನಿಂದ ಬಂದದ್ದು, 35–40 ನಿಮಿಷದಲ್ಲಿ ತಿರುಗಿ ಹೊರಡುತ್ತದೆ. 18.30ರ ವಿಮಾನ ಬೆಂಗಳೂರಿನಿಂದ ಬರಬೇಕಿದ್ದರೆ ಅದು 16.50ರ ಹೊತ್ತಿಗೆ ಅಲ್ಲಿಂದ ಹೊರಟಿರಬೇಕು. ಹೊರಟಿಲ್ಲ ಎಂದು ಕಂಡರೆ ತಡ ಖಚಿತ. ಹಾಗೆಂದು ನಿಲ್ದಾಣಕ್ಕೆ ತಡವಾಗಿ ಹೋಗಬೇಡಿ: ಕಂಪನಿ ಸಮಯ ಬದಲಿಸಿ ಸಂದೇಶ ಕಳುಹಿಸುವವರೆಗೆ ಕೌಂಟರ್ ಹಳೆಯ ಸಮಯಕ್ಕೇ ಮುಚ್ಚುತ್ತದೆ.

ತಡವಾದರೆ ನಿಮ್ಮ ಹಕ್ಕು, ಅಲ್ಲಿಯೂ ಬ್ಲಾಕ್ ಟೈಮೇ ಅಳತೆ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ, ಎರಡೂವರೆ ಗಂಟೆವರೆಗಿನ ಬ್ಲಾಕ್ ಟೈಮ್ ಇರುವ ವಿಮಾನ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯದು ಮೂರು ಗಂಟೆ ತಡವಾದರೆ, ಕಾಯುವವರಿಗೆ ತಿಂಡಿ, ಊಟ ಕೊಡಬೇಕು. ಬೆಂಗಳೂರು, ಮುಂಬೈ ಮೊದಲ ಗುಂಪಿಗೆ, ದುಬೈ ಎರಡನೆಯದಕ್ಕೆ ಸೇರುತ್ತವೆ. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಎರಡರಲ್ಲಿ ಒಂದನ್ನು ನೀವು ಆರಿಸಬಹುದು.

ಮುಂಚಿತವಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ ಪರಿಹಾರವೂ ಇದೆ. ಒಂದು ಗಂಟೆವರೆಗಿನ ಬ್ಲಾಕ್ ಟೈಮ್‌ಗೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಎರಡು ಗಂಟೆ ಮೀರಿದ್ದಕ್ಕೆ 10,000. ಈ ಮೊತ್ತ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಬೆಂಗಳೂರಿನ ಟಿಕೆಟ್‌ನಲ್ಲಿ 1 ಗಂಟೆ ಎಂದಿದೆಯೋ 1 ಗಂಟೆ 5 ನಿಮಿಷ ಎಂದಿದೆಯೋ ಎಂಬುದರ ಮೇಲೆ ಮಿತಿ 2,500 ರೂಪಾಯಿಯಷ್ಟು ಬದಲಾಗುತ್ತದೆ. ಹಾಗಾಗಿ ಟಿಕೆಟ್‌ನ ಪ್ರತಿ ಉಳಿಸಿಕೊಂಡಿರಿ, ಬದಲಾದ ಸಮಯದ ಸಂದೇಶಗಳನ್ನು ಅಳಿಸಬೇಡಿ. ಮಳೆ, ಮಂಜಿನಂಥ ಹವಾಮಾನದ ಕಾರಣಕ್ಕೆ ರದ್ದಾದರೆ ಈ ಪರಿಹಾರ ಅನ್ವಯಿಸುವುದಿಲ್ಲ, ಟಿಕೆಟ್ ಹಣ ವಾಪಸ್ ಕೇಳಬಹುದು. ಕೌಂಟರಿನಲ್ಲಿ ಕೇಳುವಾಗ ರದ್ದಾದ ಕಾರಣವನ್ನು ಬರಹದಲ್ಲಿ ಪಡೆದುಕೊಳ್ಳಿ. ಮುಂದೆ ದೂರು ಕೊಡಬೇಕಾದರೆ ಮೊದಲು ಕೇಳುವುದು ಆ ಕಾಗದವನ್ನೇ.